ಅಪ್ಪಾಜಿ ಹೋದ್ಮೇಲೆ ಮನೆ ಕೋವಿ ಮಾರೋಕೆ ಹೋಗಿ ನಾವು ಮಾಡ್ಕೊಂಡ ಎಡವಟ್ಟು, ದಯವಿಟ್ಟು ನೀವು ಮಾಡ್ಕೋಬೇಡಿ

ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಕೋವಿ ಇನ್ನೂ ಬೀರುವಿನಲ್ಲಿರೋರು ಇದನ್ನ ಪೂರ್ತಿ ಓದಿ. ಮನೇಲಿ ವಯಸ್ಸಾದವರ ಹೆಸರಲ್ಲಿ ಲೈಸೆನ್ಸ್ ಇದ್ರಂತೂ ಖಂಡಿತ ಓದಿ.

ನಮ್ಮನೇಲಿ ಎರಡು ಕೋವಿ ಇತ್ತು. ಒಂದು ಇಂಡಿಯನ್ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಒಂಟಿ ನಳಿಗೆದು. ಇನ್ನೊಂದು ಜೋಡಿ ನಳಿಗೆ, ವೆಬ್ಲಿ ಅಂಡ್ ಸ್ಕಾಟ್, ಬರ್ಮಿಂಗ್‌ಹ್ಯಾಮ್‌ದು, ಸ್ವಾತಂತ್ರ್ಯ ಬಂದ್ಮೇಲೆ ಪಕ್ಕದ ತೋಟದ ಇಂಗ್ಲಿಷ್ ದೊರೆ ತೋಟ ಮಾರಿ ತನ್ನೂರಿಗೆ ಹೊರಟಾಗ ನಮ್ಮ ಅಜ್ಜ ತಗೊಂಡಿದ್ದು. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ನಿಂತೋಯ್ತು, ಆಮೇಲೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಅಪ್ಪಾಜಿ ಹೆಸರಲ್ಲಿ ಮುಂದುವರೀತು. ಆಯುಧ ಪೂಜೆಗೆ ಎರಡನ್ನೂ ಒರೆಸಿ ಕುಂಕುಮ ಇಡೋದು, ಎಲೆಕ್ಷನ್ ಬಂದ್ರೆ ಠಾಣೆಗೆ ಕೊಟ್ಟು ಬರೋದು, ಅಷ್ಟೇ. ಜೋಡಿ ನಳಿಗೆದರ ಹಿಡಿ ಹತ್ರ ಮರ ಸೀಳಿತ್ತು, ಊರಿನ ಆಚಾರಿ ಅದಕ್ಕೆ ಹಿತ್ತಾಳೆ ಪಟ್ಟಿ ಸುತ್ತಿ ಮೂರು ಸ್ಕ್ರೂ ಹಾಕಿದ್ರು, ನಡುವಿನ ಸ್ಕ್ರೂ ಸ್ವಲ್ಪ ಓರೆ. ಚಿಕ್ಕವನಿದ್ದಾಗ ಆ ಓರೆ ಸ್ಕ್ರೂ ಮೇಲೆ ಬೆರಳು ಆಡಿಸ್ತಾ ಕೂತಿರ್ತಿದ್ದೆ. ಇದನ್ನ ಯಾಕೆ ಹೇಳ್ತಿದೀನಿ ಅಂತ ಮುಂದೆ ಗೊತ್ತಾಗತ್ತೆ.

ಅಪ್ಪಾಜಿ 2022ರ ಆಗಸ್ಟ್‌ನಲ್ಲಿ ತೀರ್ಕೊಂಡ್ರು. ತಿಥಿ, ಪೌತಿ ಖಾತೆ, ಬ್ಯಾಂಕು ಅಂತ ಓಡಾಡಿದ್ವಿ, ಕೋವಿ ವಿಷಯ ಯಾರಿಗೂ ಹೊಳೀಲೇ ಇಲ್ಲ. ಇದೇ ನಮ್ಮ ಮೊದಲನೇ ತಪ್ಪು. ಲೈಸೆನ್ಸ್ ಇದ್ದವರು ಹೋದ ಮೇಲೆ ಆ ಕೋವಿ ಮನೇಲಿಟ್ಕೊಳ್ಳೋಕೆ ಉಳಿದವರಿಗೆ ಹಕ್ಕಿಲ್ಲ, ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ರನೋ ಡಿಪಾಸಿಟ್ ಇಡ್ಬೇಕು, 1959ರ ಆರ್ಮ್ಸ್ ಆಕ್ಟ್‌ನ 21ನೇ ಸೆಕ್ಷನ್ ಇದನ್ನೇ ಹೇಳೋದು. ಕೊಡಗಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನು ಇರೋರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನ 2029ರ ತನಕ ವಿಸ್ತರಿಸಿದೆ, ಅದನ್ನ ಕೇಳಿ ಮಲೆನಾಡಿನವರಿಗೆಲ್ಲ ಏನೂ ಆಗಲ್ಲ ಅಂತ ನಮ್ಮ ಅಣ್ಣ ಅನ್ಕೊಂಡಿದ್ದ. ಹಾಸನ, ಚಿಕ್ಕಮಗಳೂರು ಕಡೆಯ ನಮ್ಮಂಥವರಿಗೆ ಅದು ಬರಲ್ಲ.

2023ರ ಮಾರ್ಚ್ ಕೊನೇಲಿ ವಿಧಾನಸಭೆ ಎಲೆಕ್ಷನ್ ನೀತಿ ಸಂಹಿತೆ ಬಂತು, ಕೋವಿ ತಂದಿಡಿ ಅಂತ ಠಾಣೆಯಿಂದ ಫೋನ್. ಅಣ್ಣ ಗಾಬರಿಯಾಗಿ, ನೇರವಾಗಿ ಠಾಣೆಗೆ ಹೋಗೋದು ಬಿಟ್ಟು ಪೇಟೆಯ ಒಬ್ಬ ಡೀಲರ್‌ನ ಕೇಳ್ದ. ಆ ಮನುಷ್ಯ ಹೇಳಿದ್ದು, "ಸರ್, ಎಂಟು ತಿಂಗಳು ಲೈಸೆನ್ಸ್ ಇಲ್ಲದೆ ಇಟ್ಕೊಂಡಿದೀರಿ, ಕೇಸ್ ಆದ್ರೆ ಜೈಲು. ಈಗ ವಾರಸುದಾರರಿಗೆ ಲೈಸೆನ್ಸ್ ಕೊಡೋದೂ ಇಲ್ಲ. ನಂಗೆ ಕೊಟ್ಬಿಡಿ, ನಾನು ನೋಡ್ಕೋತೀನಿ." ಮೊದಲನೇ ಮಾತಲ್ಲಿ ಸ್ವಲ್ಪ ನಿಜ ಇತ್ತು, ಎರಡನೇದು ಶುದ್ಧ ಸುಳ್ಳು. 2016ರ ಆರ್ಮ್ಸ್ ರೂಲ್ಸ್‌ನ 25ನೇ ನಿಯಮದಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡೋಕೆ ಅವಕಾಶ ಇದೆ, ಅಷ್ಟೇ ಅಲ್ಲ, ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ರೆ ಅಥವಾ ಕೋವಿ 25 ವರ್ಷ ಇಟ್ಕೊಂಡಿದ್ರೆ ಬದುಕಿರುವಾಗಲೇ ಮಕ್ಕಳ ಹೆಸರಿಗೆ ಮಾಡಿಸ್ಬಹುದು. ಅಪ್ಪಾಜಿಗೆ 74 ಆಗಿತ್ತು, ಯಾರಾದ್ರೂ ಒಂದು ಮಾತು ಹೇಳಿದ್ರೆ ಇದ್ಯಾವುದೂ ಆಗ್ತಾನೇ ಇರ್ಲಿಲ್ಲ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, 2019ರ ತಿದ್ದುಪಡಿ, ಪಿತ್ರಾರ್ಜಿತಕ್ಕೂ ಅದೇ ಮಿತಿ. ನಮ್ಮದು ಇದ್ದಿದ್ದೇ ಎರಡು, ಅಣ್ಣನ ಹೆಸರಲ್ಲಿ ಒಂದೂ ಇರ್ಲಿಲ್ಲ.

ಆ ಡೀಲರ್ ಬೆಲೆ ಕಟ್ಟಿದ್ದು ನೋಡಿ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದ, ಬಾಯಲ್ಲಿ ಚ್ಚ್ ಚ್ಚ್ ಅಂದ. ಹಿಡಿ ಸೀಳಿದೆ, ಹಿತ್ತಾಳೆ ಪಟ್ಟಿ ಹಾಕಿ ಕೆಡಿಸಿದಾರೆ, ಚೇಂಬರ್ (ನಳಿಗೆಯಲ್ಲಿ ಕಾಡತೂಸು ಕೂರೋ ಜಾಗ) ಎರಡೂವರೆ ಇಂಚಿಂದು, ಈಗಿನ ಎರಡೂ ಮುಕ್ಕಾಲು ಇಂಚಿನ ತೋಟಾ, ಅಂದ್ರೆ ಕಾಡತೂಸು, ಹಾಕಿದ್ರೆ ಅಪಾಯ, ಇದು ಗುಜರಿ ಸರ್ ಅಂದ. ಚೇಂಬರ್ ವಿಷಯ ನಿಜ, ಹಳೆ ಇಂಗ್ಲಿಷ್ ಕೋವಿಗಳಿಗೆ ಗೊತ್ತಿಲ್ಲದೆ ಉದ್ದದ ತೋಟಾ ಹಾಕಲೇಬಾರದು, ಆದ್ರೆ ಅಷ್ಟಕ್ಕೇ ಅದು ಗುಜರಿ ಆಗಲ್ಲ, ತಗೊಳ್ಳೋರಿಗೆ ಅದು ಗೊತ್ತೇ ಇರತ್ತೆ. ಎಂಬತ್ತರ ದಶಕದಿಂದ ಹೊರಗಿನ ಕೋವಿ ತರಿಸೋದು ಹೆಚ್ಚುಕಮ್ಮಿ ನಿಂತೇ ಹೋಗಿರೋದ್ರಿಂದ ಇಲ್ಲಿರೋ ಹಳೆ ವಿಲಾಯತಿ ಕೋವಿಗೆ ಬೆಲೆ ಇದೆ. ಕಂಪನಿ ಹೆಸರು, ನಳಿಗೆ ಪರೀಕ್ಷೆ ಮಾಡಿದೀವಿ ಅಂತ ಅದರ ಕೆಳಗೆ ಒತ್ತಿರೋ ಪ್ರೂಫ್ ಮುದ್ರೆ, ಒಳಗೆ ತುಕ್ಕಿನ ಗುಳಿ ಇದೆಯಾ, ನಳಿಗೆ ಮೇಲಿನ ನಂಬರು ಬಾಡಿ ಮೇಲಿನ ನಂಬರು ಒಂದೇನಾ, ಹಾರಿಸಿದ ತೋಟಾನ ತಾನೇ ಹೊರಗೆ ಎಸೆಯೋ ಇಜೆಕ್ಟರ್ ಇದೆಯಾ, ಇವೆಲ್ಲ ನೋಡಿ ಬೆಲೆ ಹೇಳೋದು. ನಮ್ಮದರಲ್ಲಿ ಇಜೆಕ್ಟರ್ ಇತ್ತು, ನಂಬರೂ ಹೊಂದ್ತಿತ್ತು. ಅವನು ಅದನ್ನ ಬಾಯ್ಬಿಡಲಿಲ್ಲ, ನಮಗೆ ಕೇಳೋಕೆ ಗೊತ್ತಿರ್ಲಿಲ್ಲ.

ಎರಡಕ್ಕೂ ಸೇರಿ 22,000 ಕ್ಯಾಶ್. ಅಕ್ಕನ ಕೈಲಿ, ನನ್ನ ಕೈಲಿ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ, ಒರಿಜಿನಲ್ ಲೈಸೆನ್ಸ್ ಪುಸ್ತಕನೂ ತಗೊಂಡ. ಕೊಟ್ಟ ರಸೀದಿಯಲ್ಲಿ "ಹಳೆ ಕೋವಿ 2" ಅಂತ ಅಷ್ಟೇ. ನಂಬರಿಲ್ಲ, ಕಂಪನಿ ಹೆಸರಿಲ್ಲ, ಡಿಪಾಸಿಟ್ಟಾ ಮಾರಾಟನಾ ಅಂತಾನೂ ಇಲ್ಲ.

ಆ ಡಿಸೆಂಬರ್‌ನಲ್ಲಿ ಒಂದು ಮದುವೆ ಮನೇಲಿ ಪರಿಚಯದ ಪ್ಲಾಂಟರ್ ಒಬ್ರು ಹೊಸದಾಗಿ ತಗೊಂಡ ಕೋವಿ ಅಂತ ಫೋನಲ್ಲಿ ಫೋಟೋ ತೋರಿಸಿದ್ರು. ಹಿತ್ತಾಳೆ ಪಟ್ಟಿ, ಮೂರು ಸ್ಕ್ರೂ, ನಡುವಿಂದು ಓರೆ. ಎಷ್ಟಕ್ಕೆ ಅಂದೆ, ಎರಡು ಲಕ್ಷದ ಮೇಲಾಯ್ತು ಅಂದ್ರು. ಅವರ ಮುಂದೆ ಏನೂ ಹೇಳ್ಲಿಲ್ಲ, ಅವರದ್ದೇನು ತಪ್ಪು. ಊಟಕ್ಕೆ ಕೂತ್ರೆ ಅನ್ನ ಇಳೀಲಿಲ್ಲ.

ದುಡ್ಡು ಹೋಗಿದ್ದು ಒಂದು ಕಡೆ. 2024ರ ಮಾರ್ಚ್‌ನಲ್ಲಿ ಲೋಕಸಭೆ ಎಲೆಕ್ಷನ್‌ಗೆ ಮತ್ತೆ ಠಾಣೆಯಿಂದ ಫೋನ್, "ನಿಮ್ಮ ತಂದೆ ಹೆಸರಲ್ಲಿ ಎರಡು ಕೋವಿ ತೋರಿಸ್ತಿದೆ, ತಂದಿಡಿ." ಮಾರಾಟದ ವಿಷಯ ಡೀಸಿ ಆಫೀಸಿಗೆ ಹೋಗೇ ಇಲ್ಲ. ಜೋಡಿ ನಳಿಗೆದು ಆ ಪ್ಲಾಂಟರ್ ಲೈಸೆನ್ಸ್‌ನಲ್ಲಿ ಏರಿದ್ದಕ್ಕೆ ಹೇಗೋ ಬಗೆಹರೀತು. ಒಂಟಿ ನಳಿಗೆದು ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಡೀಲರ್‌ನ ಕೇಳಿದ್ರೆ "ನೀವು ಕೊಟ್ಟಿದ್ದು ಅದೇ ನಂಬರ್ ಅಂತ ರಸೀದೀಲಿ ಎಲ್ಲಿದೆ ಸರ್" ಅಂತಾನೆ. ಅದೇ ಕೋವಿ ಎಲ್ಲಾದ್ರೂ ಯಾರ ಮೇಲಾದ್ರೂ ಈಡಾದ್ರೆ ಪೊಲೀಸರು ಮೊದಲು ಬರೋದು ನಮ್ಮ ಅಮ್ಮನ ಮನೆಗೆ, ಆ ಭಯಕ್ಕೆ ಅಮ್ಮ ರಾತ್ರಿ ನಾಯಿ ಬೊಗಳಿದ್ರೂ ಎದ್ದು ಕೂರ್ತಾರೆ.

ಅದಕ್ಕೇ ಹೇಳ್ತಿರೋದು, ಯಾರಾದ್ರೂ ತೀರ್ಕೊಂಡ್ರೆ ಮೊದಲು ಡಿಪಾಸಿಟ್ ಇಡಿ, ಡಿಪಾಸಿಟ್ ಅಂದ್ರೆ ಮಾರಾಟ ಅಲ್ಲ, ಕೋವಿ ನಿಮ್ಮದೇ ಆಗಿರತ್ತೆ, ಮಾರೋ ಹಕ್ಕೂ ನಿಮ್ಮದೇ. ಆದ್ರೆ ಇಟ್ಟು ಮರೀಬೇಡಿ, ಅವಧಿ ಮೀರಿದ್ರೆ ಸರ್ಕಾರಕ್ಕೆ ಹೋಗತ್ತೆ. ಕೊಡೋ ಮುಂಚೆ ನಂಬರ್ ಕಾಣೋ ಹಾಗೆ ಫೋಟೋ ತೆಗೀರಿ, ಲೈಸೆನ್ಸ್ ಪುಸ್ತಕದ ಪ್ರತಿ ಪುಟ ಜೆರಾಕ್ಸ್ ಮಾಡಿ, ರಸೀದಿಯಲ್ಲಿ ಕಂಪನಿ, ಬೋರ್ (ನಳಿಗೆ ಒಳಗಿನ ಅಳತೆ), ನಂಬರ್ ಬರೆಸ್ಕೊಳ್ಳಿ. ತಗೊಳ್ಳೋನ ಹತ್ರನೇ ಬೆಲೆ ಕೇಳ್ಬೇಡಿ, ಬೇರೆ ಊರಿನ ಇಬ್ಬರು ಡೀಲರ್‌ಗಳಿಗಾದ್ರೂ ತೋರಿಸಿ. ಲೈಸೆನ್ಸ್ ನಿಮ್ಮ ಹೆಸರಿಗಾದ ಮೇಲೆ ಲೈಸೆನ್ಸ್ ಇರೋ ಬೇರೆಯವರಿಗೆ ನೇರವಾಗಿ ಮಾರ್ಬೇಕಂದ್ರೆ ಡೀಸಿಗೋ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯ್ಬೇಕು. ಆ ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಳ್ಳಿ.

ನಾವು ಈಗ ಡೀಲರ್‌ನ ಸ್ಟಾಕ್ ರಿಜಿಸ್ಟರ್ ತರಿಸಿ ನೋಡಿ ಅಂತ ಡೀಸಿ ಆಫೀಸಿಗೆ ಅರ್ಜಿ ಹಾಕಿದೀವಿ. ಸೋಮವಾರ ಅಣ್ಣ ಮತ್ತೆ ಹಾಸನಕ್ಕೆ ಹೋಗ್ತಿದಾನೆ.