ಡೀಸೆಲ್ ಪಿಕಪ್‌ನಲ್ಲಿ ಎಂಜಿನ್ ಆಯಿಲ್ ಇಳಿಕೆ: ಯಾವ ಪರೀಕ್ಷೆ ಯಾರಿಗೆ?

ಆಯಿಲ್ ಮಟ್ಟ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಅದು ಹೊರಗೆ ಸೋರುತ್ತಿರುತ್ತದೆ, ಒಳಗೆ ಉರಿಯುತ್ತಿರುತ್ತದೆ, ಇಲ್ಲವೇ ಆಯಿಲ್ ಕೂಲರ್ (ಆಯಿಲನ್ನು ತಣಿಸುವ ಭಾಗ) ಮೂಲಕ ಕೂಲೆಂಟ್‌ಗೆ, ಅಂದರೆ ಎಂಜಿನ್ ತಣಿಸುವ ದ್ರವಕ್ಕೆ, ಸೇರುತ್ತಿರುತ್ತದೆ.

ಕಡಿಮೆ ಖರ್ಚು ಮತ್ತು ಸುಲಭತೆಯಲ್ಲಿ ಡೈ (ಹೊಳೆಯುವ ಬಣ್ಣ) ಪರೀಕ್ಷೆಯೇ ಮುಂದಿದೆ. ಆಯಿಲ್‌ಗೆ ಡೈ ಬೆರೆಸಿ, ಗಾಡಿ ಓಡಿಸಿ, ನೇರಳಾತೀತ ದೀಪ ಹಿಡಿದರೆ ಸೋರಿದ ಜಾಗ ಹೊಳೆಯುತ್ತದೆ. ಚಲಿಸುವಾಗ ಗಾಳಿಯು ಆಯಿಲನ್ನು ಹಿಂದಕ್ಕೆ ಹರಡುವುದರಿಂದ ಮೊದಲು ಎಂಜಿನ್ ತೊಳೆದು, ನಂತರ ಎಲ್ಲಕ್ಕಿಂತ ಮೇಲಿನ ಹಾಗೂ ಮುಂದಿನ ಒದ್ದೆ ಜಾಗವನ್ನೇ ನಂಬಬೇಕು. ಉರಿಯುವ ಆಯಿಲ್ ಬಗ್ಗೆ ಮಾತ್ರ ಇದು ಏನೂ ಹೇಳದು.

ನಿಲ್ಲಿಸಿದ ಜಾಗದಲ್ಲಿ ಹನಿಯಿಲ್ಲದೆ ನೀಲಿ ಹೊಗೆ (ಆಯಿಲ್ ಉರಿಯುತ್ತಿರುವ ಸೂಚನೆ) ಕಾಣುವವರಿಗೆ ಲೀಕ್‌ಡೌನ್ ಪರೀಕ್ಷೆ, ಅಂದರೆ ಸಿಲಿಂಡರ್‌ಗೆ ಗಾಳಿ ತುಂಬಿ ಅದು ಎಲ್ಲಿ ಸೋರುತ್ತದೆಂದು ನೋಡುವುದು, ಹೆಚ್ಚು ಉಪಯುಕ್ತ. ಆದರೆ ಗ್ಲೋ ಪ್ಲಗ್ (ಸಿಲಿಂಡರ್ ಬಿಸಿ ಮಾಡುವ ಭಾಗ) ಅಥವಾ ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚಬೇಕಾದ್ದರಿಂದ ಶ್ರಮ ಹೆಚ್ಚು. ಸಿಲಿಂಡರ್‌ಗೆ ತುಂಬಿದ ಗಾಳಿ ಆಯಿಲ್ ಹಾಕುವ ಬಾಯಿಯಲ್ಲಿ ರಭಸದಿಂದ ಹೊರಬಂದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆತವನ್ನು ಶಂಕಿಸಬೇಕು. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ಕಳುಹಿಸುವ ಭಾಗ) ಸೀಲ್‌ನ ದೋಷ ಇದರಲ್ಲಿ ತಿಳಿಯದು, ಹಾಗಾಗಿ ಏನನ್ನಾದರೂ ಬಿಚ್ಚುವ ಮೊದಲು ಟರ್ಬೊ ಪೈಪ್‌ಗಳನ್ನು ನೋಡುವುದು ಜಾಣತನ: ತೆಳುವಾದ ಆಯಿಲ್ ಪದರ ಸಹಜ, ನಿಂತ ಆಯಿಲ್ ಸಹಜವಲ್ಲ.

ಪ್ರಯೋಗಾಲಯದ ಆಯಿಲ್ ವಿಶ್ಲೇಷಣೆಗೆ ಮಾದರಿ ಕಳುಹಿಸಿದರೆ ಸಾಕು. ಅದು ಸೋರಿಕೆಯ ಜಾಗವನ್ನು ತೋರಿಸುವುದಿಲ್ಲ. ಲೋಹದ ಸವೆತವನ್ನೂ ಕೂಲೆಂಟ್ ಅಥವಾ ಡೀಸೆಲ್ ಬೆರೆತಿರುವುದನ್ನೂ ತಿಳಿಸುತ್ತದೆ. ಬೆರೆತ ಡೀಸೆಲ್ ಮಟ್ಟವನ್ನು ಏರಿಸಿ ನಿಜವಾದ ನಷ್ಟವನ್ನು ಮರೆಮಾಡಬಲ್ಲದು. ಆದ್ದರಿಂದ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಒಮ್ಮೆ ಏರಿಕೆ, ಒಮ್ಮೆ ಇಳಿಕೆ ತೋರಿಸುವ ಗಾಡಿಗೆ ಇದನ್ನೇ ಮೊದಲು ಮಾಡಿಸುವುದು ಸೂಕ್ತ.