ಸಪ್ತಾಪುರದ ಕೆ-ಸೆಟ್ ನೋಟ್ಸ್: ಬೈಂಡಿಂಗ್ ದಂಡ, ಬಿಜೆಂಜೊ ಪಾಠ ಬಂಗಾರ, ಕೀ ಉತ್ತರ ನಂಬಬೇಡಿ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೆಂಟರ್‌ಗಳಿಗಿಂತ ಜೆರಾಕ್ಸ್ ಅಂಗಡಿಗಳೇ ಜಾಸ್ತಿ ಇರಬೇಕು ಅಂತ ನನ್ನ ಅನುಮಾನ. ಅಂಥದ್ದೇ ಒಂದು ಅಂಗಡಿಯಲ್ಲಿ ಹೋದ ತಿಂಗಳು ಕೆ-ಸೆಟ್ (ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗೋಕೆ ಬರೆಯೋ ರಾಜ್ಯದ ಅರ್ಹತಾ ಪರೀಕ್ಷೆ) ರಾಜ್ಯಶಾಸ್ತ್ರದ ನೋಟ್ಸ್ ತಗೊಂಡೆ. ಎರಡು ಭಾಗ, 380 ರೂಪಾಯಿ. ಅಂಗಡಿ ಹೆಸರು ಹೇಳಿ ಉಪಯೋಗ ಇಲ್ಲ, ಇದೇ ನೋಟ್ಸ್ ಅಕ್ಕಪಕ್ಕದ ಅಂಗಡಿಗಳಲ್ಲೂ ಸಿಗುತ್ತದೆ. ಬರೆದವರು ಯಾರು ಅಂತ ಎಲ್ಲೂ ಇಲ್ಲ.

ಬೈಂಡಿಂಗ್ ಬಗ್ಗೆ ಕೇಳಲೇಬೇಡಿ. ಹುಬ್ಬಳ್ಳಿಗೆ ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ತೆಗೆದೆ, ಉಣಕಲ್ ಬರುವಷ್ಟರಲ್ಲಿ ಮೂರು ಹಾಳೆ ಕಿತ್ತು ಕೈಗೆ ಬಂದವು. ಎರಡನೇ ಭಾಗದಲ್ಲಿ 112ರಿಂದ 115ರವರೆಗಿನ ಪುಟಗಳು ಎರಡೆರಡು ಸಲ ಇವೆ, 116 ಇಲ್ಲವೇ ಇಲ್ಲ.

ಆದರೂ ದುಡ್ಡು ಹಾಳಾಯ್ತು ಅನ್ನಲಾರೆ. ಕಾರಣ ಅದೇ ಎರಡನೇ ಭಾಗದಲ್ಲಿರುವ, ಪಾಕಿಸ್ತಾನದ ಬಲೂಚಿಸ್ತಾನ ಪ್ರಾಂತ್ಯದ ಪಾಠ. ಬಲೂಚಿಸ್ತಾನ ಅಂದರೆ ನಮಗೆ ಟಿವಿಯಲ್ಲಿ ಕಾಣುವ ಬಾಂಬು, ಬಂದೂಕು ಅಷ್ಟೇ ಅಲ್ವಾ? ಈ ಪಾಠ ಬರೆದವರು ಅದನ್ನೆಲ್ಲ ಪಕ್ಕಕ್ಕಿಟ್ಟು ಒಬ್ಬ ಮನುಷ್ಯನನ್ನೇ ಹಿಡಿದುಕೊಂಡಿದ್ದಾರೆ, ಅಲ್ಲಿನ ರಾಜಕಾರಣಿ ಮೀರ್ ಗೌಸ್ ಬಕ್ಷ್ ಬಿಜೆಂಜೊ. ಹುಟ್ಟಿದ್ದು 1917ರಲ್ಲಿ, ಓದಿದ್ದು ಅಲಿಗಢದಲ್ಲಿ, ಒಳ್ಳೆ ಫುಟ್‌ಬಾಲ್ ಆಟಗಾರ. ಆಗ ಬಲೂಚಿಸ್ತಾನದ ಕಲಾತ್ ಅನ್ನೋದು ಖಾನರ ಸಂಸ್ಥಾನ. ನಮ್ಮ ಕಡೆ ಸವಣೂರು ನವಾಬರದ್ದು ಇತ್ತಲ್ಲ ಹಾಗೆ, ಗಾತ್ರ ಮಾತ್ರ ಬಹಳ ದೊಡ್ಡದು. 1947ರ ಡಿಸೆಂಬರಿನಲ್ಲಿ ಕಲಾತಿನ ಶಾಸನಸಭೆಯಲ್ಲಿ ಬಿಜೆಂಜೊ ಎದ್ದು ನಿಂತು, ಮುಸ್ಲಿಮರು ಅನ್ನೋ ಒಂದೇ ಕಾರಣಕ್ಕೆ ನಾವು ಪಾಕಿಸ್ತಾನ ಸೇರಬೇಕು ಅಂದರೆ ಇರಾನ್, ಅಫ್ಘಾನಿಸ್ತಾನವೂ ಸೇರಬೇಕಲ್ಲ ಅಂತ ವಾದ ಹೂಡಿದರು. ಮುಂದಿನ ಮಾರ್ಚ್‌ನಲ್ಲಿ ಕಲಾತ್ ಸೇರಿಯೇ ಬಿಟ್ಟಿತು, ಆ ಮಾತು ಬೇರೆ.

ಇಲ್ಲಿ ಒಂದು ಬಾಕ್ಸ್ ಹಾಕಿದ್ದಾರೆ, ನನಗೆ ಬಹಳ ಹಿಡಿಸಿತು. 1953ರಲ್ಲಿ ಅದರಗುಂಚಿ ಶಂಕರಗೌಡರು ಕರ್ನಾಟಕ ಏಕೀಕರಣಕ್ಕೆ ಉಪವಾಸ ಕೂತರು, 1956ರ ನವೆಂಬರ್ 1ಕ್ಕೆ ನಮ್ಮ ರಾಜ್ಯ ಬಂತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1955ರ ಅಕ್ಟೋಬರಿನಲ್ಲಿ, ಪಶ್ಚಿಮ ಪಾಕಿಸ್ತಾನದಲ್ಲಿ ತದ್ವಿರುದ್ಧ ಕೆಲಸ ನಡೆಯಿತು. ಪಂಜಾಬ್, ಸಿಂಧ್, ಬಲೂಚಿಸ್ತಾನ, ವಾಯವ್ಯ ಸರಹದ್ದು ಪ್ರಾಂತ್ಯ, ಎಲ್ಲ ಕಲಸಿ 'ಒನ್ ಯುನಿಟ್' ಅಂತ ಒಂದೇ ಮುದ್ದೆ. ಅದು ಒಡೆದು ಬಲೂಚಿಸ್ತಾನ ಪ್ರಾಂತ್ಯ ಆಗೋಕೆ 1970ರವರೆಗೆ ಕಾಯಬೇಕಾಯಿತು. ಏಕೀಕರಣದ ಕಥೆ ಕೇಳಿ ಬೆಳೆದ ನಮ್ಮೂರಿನವರಿಗೆ ಇಷ್ಟು ಹೇಳಿದರೆ ಸಾಕು, ಆ ಜನ ಏನು ಕೇಳ್ತಿದ್ದರು ಅಂತ ತಟ್ಟನೆ ಗೊತ್ತಾಗುತ್ತದೆ.

1972ರಲ್ಲಿ ಆ ಪ್ರಾಂತ್ಯದಲ್ಲಿ ಬಿಜೆಂಜೊ ಅವರ ಪಕ್ಷ ನ್ಯಾಷನಲ್ ಅವಾಮಿ ಪಾರ್ಟಿಯ ಕಾಲ. ಅತಾವುಲ್ಲಾ ಮೆಂಗಲ್ ಮುಖ್ಯಮಂತ್ರಿ, ಬಿಜೆಂಜೊ ಗವರ್ನರ್. ಗವರ್ನರ್‌ಗೆ ರಾಜಕೀಯ ಕಾರ್ಯದರ್ಶಿ ಯಾರು ಗೊತ್ತಾ? ಬಿ.ಎಂ. ಕುಟ್ಟಿ, ಕೇರಳದ ತಿರೂರಿನವರು! ಇದನ್ನು ಬಸ್ಸಿನಲ್ಲಿ ಓದಿ ನಕ್ಕುಬಿಟ್ಟೆ, ಮಲಯಾಳಿಗಳು ಎಲ್ಲಿಲ್ಲ ಹೇಳಿ. ಸರ್ಕಾರ ವರ್ಷವೂ ಉಳಿಯಲಿಲ್ಲ. 1973ರ ಫೆಬ್ರವರಿಯಲ್ಲಿ ಇಸ್ಲಾಮಾಬಾದಿನ ಇರಾಕ್ ರಾಯಭಾರ ಕಚೇರಿಯಲ್ಲಿ ಶಸ್ತ್ರಾಸ್ತ್ರ ಸಿಕ್ಕವು, ಅವು ಬಲೂಚ್ ಬಂಡುಕೋರರಿಗೆ ಅಂತ ಆರೋಪ. ಅದರ ಬೆನ್ನಲ್ಲೇ ಪಾಕಿಸ್ತಾನದ ಅಧ್ಯಕ್ಷ ಭುಟ್ಟೊ ಇಬ್ಬರನ್ನೂ ಕೆಳಗಿಳಿಸಿದರು. ಅಷ್ಟಾದರೂ ಬಿಜೆಂಜೊ ಏಪ್ರಿಲ್‌ನಲ್ಲಿ ಹೊಸ ಸಂವಿಧಾನಕ್ಕೆ ಬೆಂಬಲ ಕೊಟ್ಟರು. ಅದು ಆಗಸ್ಟ್ 14ಕ್ಕೆ ಜಾರಿಗೆ ಬಂತು, ಅದೇ ತಿಂಗಳು ಅವರನ್ನು ಹಿಡಿದು ಒಳಗೆ ಹಾಕಿದರು. ಮುಂದೆ ಹೈದರಾಬಾದ್ ಪಿತೂರಿ ಪ್ರಕರಣ, ಅಂದರೆ ಪಕ್ಷದ ನಾಯಕರ ಮೇಲೆ ದೇಶದ್ರೋಹದ ಕೇಸು. (ನನ್ನ ತಮ್ಮ ಇದನ್ನು ಚಾರ್‌ಮಿನಾರ್ ಇರೋ ಹೈದರಾಬಾದ್ ಅಂದುಕೊಂಡಿದ್ದ. ಅಲ್ಲ, ಸಿಂಧ್‌ನದ್ದು.) ಪುಟ 115 ಇಲ್ಲಿಗೆ ಮುಗಿಯುತ್ತದೆ, 116 ಇಲ್ಲ. ನನ್ನ ಪಾಲಿಗೆ ಆ ಮನುಷ್ಯ ವಾರಗಟ್ಟಲೆ ಜೈಲಲ್ಲೇ ಉಳಿದ.

ಇಷ್ಟು ಚೆಂದ ಪಾಠ ಬರೆದು ಹಿಂದೆ ಕೀ ಉತ್ತರ ಯಾರ ಕೈಯಲ್ಲಿ ಹಾಕಿಸಿದರೋ! 1972ರ ಮುಖ್ಯಮಂತ್ರಿ ಯಾರು ಅಂದರೆ ಬಿಜೆಂಜೊ ಅಂತಿದೆ. ಮೆಂಗಲ್ ಅಂತ ತಿದ್ದಿಕೊಳ್ಳಿ. ಇನ್ನೊಂದು ಪ್ರಶ್ನೆ, ಕೆಳಗಿನವರಲ್ಲಿ ಪ್ರತ್ಯೇಕತಾವಾದಿ ಯಾರು, ಅದಕ್ಕೂ ಬಿಜೆಂಜೊ. ಇದು ನೋಡಿ ಸಿಟ್ಟೇ ಬಂತು. 1947ರ ಭಾಷಣ ಒಂದನ್ನೇ ಹಿಡಿದರೆ ಹಾಗನ್ನಬಹುದೇನೋ. ಆದರೆ ಕುರ್ಚಿ ಕಿತ್ತುಕೊಂಡ ಮೇಲೂ ಸಂವಿಧಾನದ ಪರ ನಿಂತವರನ್ನು ಯಾವ ಲೆಕ್ಕದಲ್ಲಿ ಆ ಸಾಲಿಗೆ ಸೇರಿಸೋದು?

ಮೊನ್ನೆ ಅಂಗಡಿಗೆ ಹೋಗಿ ಕೇಳಿದೆ.

"ಅಕ್ಕಾರ, ನಾವು ಬರೇ ಪ್ರಿಂಟ್ ಹೊಡಿಯೋರ್ರಿ. ಒಳಗ ಏನೈತಿ ಅಂತ ನಾವ್ಯಾಕ ನೋಡೋಣ್ರಿ?"

"ಅಣ್ಣಾರ, 116ನೇ ಪೇಜ್ ಆದ್ರೂ ಕೊಡ್ರಿ."

ಸ್ಪೈರಲ್ ಬಿಚ್ಚಿ ಹೊಸದು ಹಾಕಿಕೊಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಹುಡುಕಿ 116 ತೆಗೆದರು. ಅಲ್ಲೇ ಬಾಗಿಲಲ್ಲಿ ನಿಂತು ಓದಿದೆ. ಭುಟ್ಟೊ ಅವರನ್ನು ಇಳಿಸಿ ಸೇನಾ ಜನರಲ್ ಜಿಯಾ ಬಂದ ಮೇಲೆ ಪ್ರಕರಣ ಕೈಬಿಟ್ಟರು. ಹೊರಗೆ ಬಂದ ಮೇಲೆ ಮೆಂಗಲ್ ಲಂಡನ್ನಿಗೆ, ಅದೇ ಪಕ್ಷದ ಇನ್ನೊಬ್ಬ ನಾಯಕ ಖೈರ್ ಬಕ್ಷ್ ಮರ್ರಿ ಅಫ್ಘಾನಿಸ್ತಾನಕ್ಕೆ ಹೋದರು. ಬಿಜೆಂಜೊ ಅಲ್ಲೇ ಉಳಿದು 1979ರಲ್ಲಿ ಪಾಕಿಸ್ತಾನ್ ನ್ಯಾಷನಲ್ ಪಾರ್ಟಿ ಕಟ್ಟಿದರು, 1988ರ ಚುನಾವಣೆಯಲ್ಲಿ ಸೋತರು, ಮರುವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಅರ್ಧ ಪುಟ, ಅಷ್ಟೇ. ಉಳಿದರ್ಧ ಖಾಲಿ.

ಆ ಹಾಳೆಗೆ ಮಾತ್ರ ಎರಡು ರೂಪಾಯಿ ಇಸ್ಕೊಂಡರು.