ಫೋಲ್ಡ್‌ಸ್ಕೋಪ್: ಬಿಕಾಂ ಓದುತ್ತಾ ಕಡಲು ನೋಡುವವರಿಗೆ ಒಂದು ಕಾಗದದ ಮೈಕ್ರೋಸ್ಕೋಪ್

ನೇರವಾಗಿ ಹೇಳಿಬಿಡ್ತೇನೆ. ಕಡಲ ಹತ್ತಿರ ಮನೆ ಇದೆ, ಜೀವಶಾಸ್ತ್ರದ ಮೇಲೆ ಆಸೆ ಇದೆ, ಆದರೆ ಓದುತ್ತಿರುವುದು ಬೇರೆ ಏನೋ ಅಂತಾದರೆ ಫೋಲ್ಡ್‌ಸ್ಕೋಪ್ ತಗೊಳ್ಳಿ. ನನ್ನದು ಅದೇ ಪರಿಸ್ಥಿತಿ. ಪಿಯುಸಿಯಲ್ಲಿ ಪಿಸಿಎಂಬಿ, ಈಗ ಕಾರವಾರದಲ್ಲಿ ಬಿಕಾಂ ಮೊದಲ ವರ್ಷ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ, ಇಂಜಿನಿಯರಿಂಗ್ ಬೇಡ ಅಂದೆ, ಹಾಗಾದರೆ ಬಿಕಾಂ ಮಾಡು, ಬ್ಯಾಂಕ್ ಪರೀಕ್ಷೆಗಾದರೂ ಆಗುತ್ತೆ ಅಂತ ಮನೆಯಲ್ಲಿ ತೀರ್ಮಾನವಾಯಿತು. ಬಿಎಸ್ಸಿ ಮಾತು ಆಗ ಯಾರೂ ಎತ್ತಲಿಲ್ಲ. ಈಗ ನಾನೇ ಎತ್ತಿದ್ದೇನೆ. ಅದಕ್ಕೆ ಧೈರ್ಯ ಬಂದದ್ದರಲ್ಲಿ ಈ ಕಾಗದದ ತುಂಡಿಗೂ ಒಂದು ಪಾಲಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹಾಳೆಯಿಂದ ಭಾಗಗಳನ್ನು ಬಿಡಿಸಿ, ಮಡಚಿ, ಒಂದರೊಳಗೊಂದು ಸೇರಿಸಿ ಮಾಡುವ ಮೈಕ್ರೋಸ್ಕೋಪ್ ಇದು. ಕಾಗದ ಅಂದರೂ ನೀರು ತಾಗಿದರೆ ಮೆತ್ತಗಾಗುವ ಕಾಗದ ಅಲ್ಲ. ಒಳಗೆ ಗಾಜಿನ ಒಂದೇ ಒಂದು ಚಿಕ್ಕ ಗುಂಡು ಇರುತ್ತದೆ, ಅದೇ ಲೆನ್ಸ್. ಇದನ್ನು ಮಾಡಿದ್ದು ಮನು ಪ್ರಕಾಶ್ ಮತ್ತು ಅವರ ತಂಡ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. 2014ರಲ್ಲಿ ಇದರ ವಿವರ ಪ್ರಕಟವಾಯಿತು. ಮನು ಪ್ರಕಾಶ್ ಹುಟ್ಟಿದ್ದು ಮೀರತ್‌ನಲ್ಲಿ, ಐಐಟಿ ಕಾನ್ಪುರದಲ್ಲಿ ಓದಿದ್ದು ಕಂಪ್ಯೂಟರ್ ಸೈನ್ಸ್, ಈಗ ಮಾಡುತ್ತಿರುವುದು ಜೀವಿಗಳ ಬಗ್ಗೆ ಸಂಶೋಧನೆ. ಕೋರ್ಸ್ ಬದಲಿಸಬೇಕು ಅಂತ ಒದ್ದಾಡುವವರಿಗೆ ಇದು ಗೊತ್ತಿರಲಿ ಅಂತ ಬೇಕಂತಲೇ ಬರೆದೆ.

ಅಂಗಡಿಯಲ್ಲಿ ಸಿಗುವ ಫೋಲ್ಡ್‌ಸ್ಕೋಪ್ 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಸುಮಾರು 2 ಮೈಕ್ರಾನ್‌ವರೆಗಿನ ವಿವರ ಕಾಣುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದುಕೊಂಡರೆ ಲೆಕ್ಕ ಸಿಗುತ್ತದೆ. ಬ್ಯಾಕ್ಟೀರಿಯಾ ನೋಡಬೇಕು ಅನ್ನುವ ಆಸೆ ಇದ್ದರೆ ಇದು ಸಾಲದು, ಅವು ಹೆಚ್ಚಿನವು ಇನ್ನೂ ಚಿಕ್ಕವು. ಆದರೆ ಕಡಲ ನೀರಲ್ಲಿ ನೋಡುವುದಕ್ಕೆ ಬ್ಯಾಕ್ಟೀರಿಯಾ ಒಂದೇನಾ ಇರೋದು?

ಮೊದಲು ಸುಲಭದ್ದು. ಮನೆಗೆ ತಾರ್ಲೆ (ಬೂತಾಯಿ ಮೀನು) ತಂದ ದಿನ ಒಂದು ಹುರುಪೆ ತೆಗೆದು, ತೊಳೆದು, ಒಣಗಿಸಿ ಸ್ಲೈಡಿಗೆ ಅಂಟಿಸಿ. ಗೆರೆ ಗೆರೆ ಕಾಣುತ್ತದೆ, ಮೀನು ಬೆಳೆದ ಹಾಗೆ ಒಂದರ ಹೊರಗೆ ಒಂದು ಮೂಡಿದ ಗೆರೆಗಳು. ದಿನಾ ಮೀನು ಕೊಯ್ಯುವ ಅಮ್ಮ ಇದನ್ನು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಬಂಗಡೆಯದ್ದೂ ಹೀಗೇ ಇರುತ್ತದಾ ಅಂತ ಕೇಳಿದಳು. ಬಿಎಸ್ಸಿ ಮಾತಿಗೆ ಮನೆಯಲ್ಲಿ ಬಾಗಿಲು ತೆರೆದದ್ದು ಅಲ್ಲಿಂದಲೇ ಅಂತ ನನಗೆ ಈಗಲೂ ಅನಿಸುತ್ತದೆ.

ಎರಡನೆಯದು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಎಲೆ. ಕಾಳಿ ನದಿಯ ದಡದಲ್ಲಿ ಕಾಂಡ್ಲಾ ಕಾಡು ಇದೆಯಲ್ಲ, ಅಲ್ಲಿ ಕೆಲವು ಜಾತಿಯ ಗಿಡಗಳು ಬೇರಿನಿಂದ ಏರಿ ಬಂದ ಉಪ್ಪನ್ನು ಎಲೆಯ ಮೇಲೆ ಹೊರಹಾಕುತ್ತವೆ. ಬಿಸಿಲಿನ ದಿನ ಎಲೆ ಮುಟ್ಟಿದರೆ ಬೆರಳಿಗೆ ತರಿ ತರಿ ಸಿಗುತ್ತದೆ, ನಾಲಿಗೆಗೆ ಇಟ್ಟರೆ ಉಪ್ಪು. ಆ ತರಿಯನ್ನು ಸ್ವಲ್ಪ ಟೇಪಿಗೆ ಹತ್ತಿಸಿ ಫೋಲ್ಡ್‌ಸ್ಕೋಪಿಗೆ ಹಾಕಿದೆ. ಚೌಕ ಚೌಕ ಹರಳುಗಳು, ಅಂಚು ನೇರವಾಗಿ ಕತ್ತರಿಸಿದ ಹಾಗೆ, ಕೆಲವಕ್ಕೆ ಒಂದು ಮೂಲೆ ಮುರಿದಿದೆ, ಬೆಳಕು ಬಿದ್ದ ಬದಿ ಹೊಳೆಯುತ್ತದೆ. ಪಿಯುಸಿಯಲ್ಲಿ ಸೋಡಿಯಂ ಕ್ಲೋರೈಡ್ ಹರಳಿನ ಚಿತ್ರ ಬರೆದು ಅಂಕ ತಗೊಂಡಿದ್ದೆ. ಅದೇ ಹರಳನ್ನು ಒಂದು ಗಿಡ ನಮ್ಮೂರಲ್ಲೇ, ಸದಾಶಿವಗಡದ ಕಡೆ ಹೋಗುವ ದಾರಿ ಬದಿಯಲ್ಲೇ ಮಾಡುತ್ತಿದೆ ಅಂತ ಯಾರೂ ತೋರಿಸಿರಲಿಲ್ಲ.

ಇನ್ನು ಕಡಲ ನೀರು. ಇದಕ್ಕೆ ತಾಳ್ಮೆ ಬೇಕು. ಸುಮ್ನೆ ಒಂದು ಹನಿ ತೆಗೆದು ಹಾಕಿದರೆ ಬಹಳ ಸಲ ಏನೂ ಕಾಣುವುದಿಲ್ಲ, ಮರಳಿನ ಕಣ ಮಾತ್ರ. ನಾನು ಮಾಡುವುದು ಹೀಗೆ: ಟಾಗೋರ್ ಬೀಚಿನಲ್ಲಿ ಒಂದು ಬಾಟಲಿ ನೀರು ತುಂಬಿಸಿ, ಒಂದು ಹನಿ ಅಯೋಡಿನ್ ಹಾಕಿ, ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಬೆಳಿಗ್ಗೆ ಮೇಲಿನ ನೀರನ್ನು ಮೆಲ್ಲಗೆ ತೆಗೆದು, ತಳದಲ್ಲಿ ಉಳಿದದ್ದನ್ನು ಸ್ಲೈಡಿಗೆ ಹಾಕುವುದು. ಆಗ ಡಯಾಟಮ್‌ಗಳು ಸಿಗುತ್ತವೆ. ಇವು ಒಂದೇ ಕೋಶದ ಪಾಚಿಗಳು, ಮೈಗೆ ಸಿಲಿಕಾದ ಚಿಪ್ಪು. ಭೂಮಿಯ ಮೇಲೆ ತಯಾರಾಗುವ ಆಮ್ಲಜನಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇವುಗಳದ್ದು ಅನ್ನುತ್ತಾರೆ. ನನಗೆ ಮೊದಲು ಸಿಕ್ಕಿದ್ದು ದುಂಡಗಿನದು, ಕಾಸಿನೋಡಿಸ್ಕಸ್ ಗುಂಪಿನದು ಅಂತ ಆಮೇಲೆ ತಿಳಿಯಿತು. ಅಕ್ಕಿ ಜರಡಿಯನ್ನು ಮೇಲಿನಿಂದ ನೋಡಿದ ಹಾಗೆ ಇತ್ತು, ನಡುವಿನಿಂದ ಅಂಚಿನವರೆಗೆ ಸಾಲು ಸಾಲು ತೂತು. ನೋಡಿ ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ.

ಮಳೆಗಾಲದಲ್ಲಿ ನೀರು ಕೆಂಪು ಕೆಸರು, ಆಗ ದಡದಲ್ಲಿ ಪ್ರಯತ್ನ ಬೇಡ, ತೆರೆ ಬೇರೆ ಜೋರು. ಮಳೆ ಕಡಿಮೆಯಾದ ಮೇಲೆ ನೋಡಿ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ, ಜೊತೆಗೆ ಪೋಷಕಾಂಶವೂ ಬರುತ್ತದೆ, ಡಯಾಟಮ್ ಸಂತೆ ಸೇರುವುದು ಅದರಿಂದಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಅಂತ ಮಾತ್ರ ನಮಗೆ ಗೊತ್ತಿರುತ್ತದೆ, ಅದೇ ಹೊತ್ತಿಗೆ ನೀರಿನೊಳಗೆ ಇಷ್ಟೆಲ್ಲ ನಡೆಯುತ್ತಿರುತ್ತದೆ. ಕೆಲವು ಸಲ ರಾತ್ರಿ ತೆರೆ ನೀಲಿಯಾಗಿ ಹೊಳೆಯುತ್ತದಲ್ಲ, ಅದಕ್ಕೆ ಕಾರಣವಾಗುವ ನಾಕ್ಟಿಲೂಕಾ ಅನ್ನುವ ಸೂಕ್ಷ್ಮಜೀವಿ ಇನ್ನೂ ನನಗೆ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

ಇದರ ಮಿತಿಗಳನ್ನೂ ಹೇಳಬೇಕು. ಒಂದೇ ಗಾಜಿನ ಗುಂಡು ಆದ್ದರಿಂದ ನಡುಭಾಗ ಮಾತ್ರ ಸ್ಪಷ್ಟ, ಅಂಚು ಮಸುಕು. ಕಣ್ಣನ್ನು ತೀರಾ ಹತ್ತಿರ ಇಟ್ಟು ನೋಡಬೇಕು, ಕನ್ನಡಕದವರಿಗೆ ಸ್ವಲ್ಪ ಕಷ್ಟ. ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿ ಫೋಕಸ್ ಮಾಡಬೇಕು, ಕೈ ಪಳಗುವವರೆಗೆ ಸಿಟ್ಟು ಬರುತ್ತದೆ. ಜೀವಂತ ಕೋಪಿಪಾಡ್ (ಸಿಗಡಿಯ ದೂರದ ನೆಂಟನಂಥ ಪುಟ್ಟ ಜೀವಿ) ಸಿಕ್ಕರೆ ಅದು ಓಡುತ್ತಲೇ ಇರುತ್ತದೆ, ದೊಡ್ಡದಾದರೆ ಪೂರ್ತಿ ಕಾಣುವುದೂ ಇಲ್ಲ, ಒಂದು ಸಲ ಮೀಸೆ ಒಂದು ಸಲ ಬಾಲ. ಬೆಳಕಿಗೆ ಕಿಟಕಿ ಸಾಕು, ಆದರೆ ನೇರ ಸೂರ್ಯನ ಕಡೆ ಹಿಡಿಯಲೇಬಾರದು, ಕಣ್ಣಿಗೆ ಅಪಾಯ. ಮ್ಯಾಗ್ನೆಟ್ ಉಂಗುರ ಅಂಟಿಸಿ ಮೊಬೈಲ್ ಕ್ಯಾಮೆರಾಗೆ ಸೇರಿಸಿದರೆ ತುಂಬಾ ಆರಾಮ, ಫೋಟೋನೂ ಸಿಗುತ್ತದೆ. ನಾನು ಸಂಜೆ ಟ್ಯೂಷನ್ ಹೇಳುವ ಮಕ್ಕಳಿಗೆ ಹಾಗೇ ತೋರಿಸುವುದು.

ಖರೀದಿ ಬಗ್ಗೆ ಒಂದು ಎಚ್ಚರಿಕೆ. ನಾನು ತರಿಸಿದ ಆನ್‌ಲೈನ್ ಮಾರಾಟಗಾರರು ಪೆಟ್ಟಿಗೆಯಲ್ಲಿ ಕವರ್‌ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಪಾರದರ್ಶಕ ತುಂಡು) ಇಟ್ಟಿರಲಿಲ್ಲ, ಕೇಳಿದರೆ ಉತ್ತರ ಬರುವುದಕ್ಕೂ ಕಾಯಬೇಕಾಯಿತು. ಸಾದಾ ಕಿಟ್‌ನಲ್ಲಿ ಏನಿರುತ್ತದೆ, ದೊಡ್ಡ ಕಿಟ್‌ನಲ್ಲಿ ಏನಿರುತ್ತದೆ ಅಂತ ಓದಿ ನೋಡಿ. ಎಲ್‌ಇಡಿ ದೀಪ ಬೇಕೇ ಬೇಕು ಅನ್ನುವವರು ದೊಡ್ಡದು ತಗೊಳ್ಳಿ, ಉಳಿದವರಿಗೆ ಸಾದಾದೇ ಸಾಕು. ಕಾಲೇಜು ಲ್ಯಾಬಿನ ಮೈಕ್ರೋಸ್ಕೋಪಿನ ಬೆಲೆಯ ಮುಂದೆ ಇದು ಏನೇನೂ ಅಲ್ಲ.

ಈಗ ಕೋರ್ಸ್ ವಿಷಯ. ಬಿಕಾಂನಿಂದ ಬಿಎಸ್ಸಿಗೆ ಹೋಗುವುದು ಅಂದರೆ ಸೆಕ್ಷನ್ ಬದಲಿಸಿದ ಹಾಗಲ್ಲ, ಮೊದಲ ವರ್ಷದಿಂದಲೇ ಶುರು. ಪಿಯುಸಿ ಸೈನ್ಸ್ ಆಗಿದ್ದರಿಂದ ನನಗೆ ಆ ದಾರಿ ಇದೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಹಾಗಾಗಿ ಒಂದು ವರ್ಷ ಹೋದರೂ ತಡೆದುಕೊಳ್ಳಬಹುದು ಅಂತ ಅಪ್ಪನಿಗೆ ಹೇಳಿದೆ. ಪ್ರಾಣಿಶಾಸ್ತ್ರ ತಗೊಂಡು ಬಿಎಸ್ಸಿ ಮುಗಿಸಿದರೆ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇಲ್ಲೇ ಕೋಡಿಬಾಗದಲ್ಲಿದೆ, ಧಾರವಾಡಕ್ಕೂ ಹೋಗಬೇಕಿಲ್ಲ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ನಮ್ಮೂರಲ್ಲೇ ಇದೆ. ಇಷ್ಟೆಲ್ಲ ಊರಲ್ಲೇ ಇಟ್ಟುಕೊಂಡು ನಾವು ಮಂಗಳೂರು, ಬೆಂಗಳೂರು ಅಂತ ನೋಡುತ್ತಾ ಕೂರುತ್ತೇವೆ.

ಬಿಕಾಂ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಅಕೌಂಟ್ಸ್ ಬರೆಯುವ ಅಭ್ಯಾಸದಿಂದಲೇ ನಾನು ಪ್ರತಿ ಸ್ಲೈಡಿಗೂ ತಾರೀಖು, ಜಾಗ, ಭರತವೋ ಇಳಿತವೋ, ನೀರು ಹೇಗಿತ್ತು, ಏನು ಕಂಡಿತು ಅಂತ ಕಾಲಂ ಹಾಕಿ ಬರೆದಿಡುತ್ತೇನೆ. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಲ್ಯೂವೆನ್‌ಹುಕ್ ಬಟ್ಟೆ ವ್ಯಾಪಾರಿ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಇದೇ ತರಹ ಒಂದೇ ಲೆನ್ಸಿನ ಮೈಕ್ರೋಸ್ಕೋಪ್ ತಾನೇ ಮಾಡಿಕೊಂಡು ಸೂಕ್ಷ್ಮಜೀವಿಗಳನ್ನು ನೋಡಿ, ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಇದು ಗೊತ್ತಾದ ಮೇಲೆ ಬಿಕಾಂ ಕ್ಲಾಸಿನಲ್ಲಿ ಕೂತು ಡಯಾಟಮ್ ಬಗ್ಗೆ ಯೋಚಿಸುವುದು ನನಗೆ ವಿಚಿತ್ರ ಅನಿಸುವುದಿಲ್ಲ.

ಆಸೆ ನಿಜವೋ ಅಥವಾ ಈಗಿನ ಕೋರ್ಸ್ ಬೇಜಾರಾಗಿದ್ದಕ್ಕೆ ಹುಟ್ಟಿದ್ದೋ ಅಂತ ಗೊತ್ತಾಗುವುದು ಕಷ್ಟ ಅಲ್ವಾ. ನನಗೂ ಆ ಅನುಮಾನ ಇತ್ತು. ಇಂಟರ್ನಲ್ಸ್ ಮುಗಿಸಿ ಸುಸ್ತಾಗಿ ಬಂದ ದಿನವೂ ಬಾಟಲಿಯ ತಳದ ನೀರು ನೋಡದೆ ಮಲಗಲು ಆಗುವುದಿಲ್ಲ, ಏನೂ ಸಿಗದ ದಿನವೂ ಮರುದಿನ ಮತ್ತೆ ಹೋಗುತ್ತೇನೆ. ಅನುಮಾನ ಹೋದದ್ದು ಹೀಗೆ. ಪುಸ್ತಕ ಓದಿಯೋ ವಿಡಿಯೋ ನೋಡಿಯೋ ಇದು ತಿಳಿಯುತ್ತಿರಲಿಲ್ಲ, ಕೈಯಾರೆ ಮಾಡಿದ್ದಕ್ಕೆ ತಿಳಿಯಿತು. ಈ ಪ್ರವೇಶದ ಸಮಯಕ್ಕೆ ಬಿಎಸ್ಸಿಗೆ ಅರ್ಜಿ ಹಾಕುತ್ತೇನೆ. ಅಪ್ಪ ಹೂಂ ಅಂದಿದ್ದಾರೆ, ಪೂರ್ತಿ ಮನಸ್ಸಿನಿಂದ ಇನ್ನೂ ಅಲ್ಲ.

ತಗೊಳ್ಳುವವರು ಸ್ಲೈಡ್, ಕವರ್‌ಸ್ಲಿಪ್ ಜಾಸ್ತಿ ತರಿಸಿಕೊಳ್ಳಿ, ಉಪ್ಪು ನೀರು ತಾಗಿದ ಮೇಲೆ ಸಿಹಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಡಿ. ಕಾರವಾರದವರಾದರೆ ತರಿಸುವ ಮೊದಲು ನನ್ನದರಲ್ಲಿ ಒಮ್ಮೆ ನೋಡಿ. ಭಾನುವಾರ ಇಳಿತದ ಹೊತ್ತಿಗೆ ಬೀಚಿನಲ್ಲಿ ಯುದ್ಧನೌಕೆ ಮ್ಯೂಸಿಯಂ ಹತ್ತಿರ ಇರುತ್ತೇನೆ, ಕೈಯಲ್ಲಿ ಬಾಟಲಿ ಇರುತ್ತದೆ.